ದಿಕ್ಸೂಚಿಯ ಬೆನ್ನಿಗೆ ಬಂದ ರಿಲೇ

ಸ್ಕ್ರೂ ಬಿಗಿಸಿದ ಮೇಲೆ ಅದರ ತಲೆಯನ್ನೊಮ್ಮೆ ಹೆಬ್ಬೆರಳಿನಿಂದ ಸವರುವುದು ಮೆಕ್ಯಾನಿಕ್ ಫಕೀರಪ್ಪನವರ ಅಭ್ಯಾಸ. ಪುಟ್ಟ ವಿಮಾನಕ್ಕೆ ದಾರಿ ತೋರಿಸುವ ಹೊಸ ಎಲೆಕ್ಟ್ರಾನಿಕ್ ಪರದೆ ಬಂತು. ಅದಕ್ಕೆ ಜಾಗ ಬಿಡಿಸಲು, ಕರೆಂಟು ಹಾಯಿಸುವ ಮುದಿ ರಿಲೇಯನ್ನು ಕಿತ್ತು ದಿಕ್ಸೂಚಿಯ ಬೆನ್ನಿಗೆ ಕೂರಿಸಿ, ಸ್ಕ್ರೂ ಬಿಗಿಸಿ ಸವರಿದರು.

“ಇನ್ನಾದರೂ ನನ್ನನ್ನು ಎತ್ತಂಗಡಿ ಮಾಡಬೇಡಿ ಸ್ವಾಮಿ,” ಎಂದು ರಿಲೇ ನಿಟ್ಟುಸಿರಿಟ್ಟಿತು.

“ಅಜ್ಜಾ, ನಿಮ್ಮೊಳಗೆ ಕರೆಂಟು ಹರಿದರೆ ನನ್ನ ಮುಳ್ಳು ಉತ್ತರ ಬಿಟ್ಟು ನಿಮ್ಮ ಕಡೆ ವಾಲುತ್ತೆ,” ಎಂದಿತು ದಿಕ್ಸೂಚಿ. “ಮೋಡದೊಳಗೆ ಪರದೆ ಕೆಟ್ಟರೆ ಪೈಲಟಮ್ಮ ನನ್ನನ್ನೇ ನಂಬಬೇಕಲ್ಲ!”

“ನಾನು ಕೆಡೋದಾ? ಸುಮ್ಮನಿರಿ ಮುದುಕರೇ,” ಎಂದು ಪರದೆ ನಕ್ಕಿತು.

ಫಕೀರಪ್ಪ ಮುಚ್ಚಳದ ಕೊನೆಯ ಸ್ಕ್ರೂ ಸವರುತ್ತಿದ್ದರು. ಕಿತ್ತು ಕೂರಿಸಿದ್ದಕ್ಕೆ ರಿಲೇಗೆ ಮೈಯೆಲ್ಲ ನೋವು; ಆದರೂ ಒಳಗಿಂದ ಕೂಗಿತು: “ಸ್ವಾಮೀ, ಆಗ ಹೇಳಿದ್ದು ಮರೆತುಬಿಡಿ. ಇನ್ನೊಂದೇ ಒಂದು ಸಲ ಕಿತ್ತು ದಿಕ್ಸೂಚಿಯಿಂದ ದೂರ ಕೂರಿಸಿ!”