ನೀರೆರೆಯುವ ಕಲ್ಲಿನ ಕೈ

“ಗುರುಗಳೇ, ಪಾಳುಬಿದ್ದದ್ದನ್ನು ಎತ್ತಿ ನಿಲ್ಲಿಸಿದ ಮೇಲೆ, ಕೆಲಸ ಪೂರ್ತಿಯಾಯಿತೆಂದು ತಿಳಿಯುವುದು ಹೇಗೆ?” ಎಂದು ಶಿಷ್ಯ ಕೇಳಿದ. ಮಠದ ಹಳೆಯ ಮಂಟಪದ ಜೀರ್ಣೋದ್ಧಾರ ಅವನ ಹೊಣೆಯಾಗಿತ್ತು. ನೋಡಲು ಬರುವ ಪರಸ್ಥಳದವರಿಗೆ ಅಡ್ಡವಾಗಬಾರದೆಂದು, ಅಲ್ಲಿ ಹೂ ಕಟ್ಟುತ್ತ ಕೂರುತ್ತಿದ್ದ ಅಜ್ಜನನ್ನು ಅವನು ಹಿಂದಿನ ದಿನವಷ್ಟೇ ಎಬ್ಬಿಸಿ ಕಳಿಸಿದ್ದ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಶಿಲ್ಪಿಯಿದ್ದ. ದಾರಿಹೋಕರಿಗೆ ನೀರು ಕೊಡಲೆಂದು ಹಿಂದಿನವರು ಕಟ್ಟಿಸಿದ್ದ ಅರವಟ್ಟಿಗೆಯೊಂದನ್ನು ಸರಿಪಡಿಸಲು ಊರ ಗೌಡ ಅವನನ್ನು ಕರೆಸಿದ. ಚಾವಣಿ ಅರ್ಧ ಬಿದ್ದಿತ್ತು. ಆದರೂ ಒಬ್ಬ ಮುದುಕಿ ಅಲ್ಲೇ ಕೊಡವಿಟ್ಟುಕೊಂಡು, ಬಂದವರಿಗೆ ಬೆಲ್ಲದ ಚೂರು ಕೊಟ್ಟು ನೀರೆರೆಯುತ್ತಿದ್ದಳು. ಅವಳಿಗೆ ಹಿಂದೆ ಮುಂದೆ ಯಾರೂ ಇರಲಿಲ್ಲ, ಬಂದುಹೋಗುವವರೇ ಬಳಗ. ಶಿಲ್ಪಿಯನ್ನಂತೂ ಹೊಟ್ಟೆಯಲ್ಲಿ ಹುಟ್ಟಿದವನ ಹಾಗೆ ನೋಡಿಕೊಂಡಳು. ಬಿಸಿಲೇರಿದರೆ ಬೈದು ಕರೆದು ನೀರು ಕುಡಿಸುತ್ತಿದ್ದಳು.

ಅಲ್ಲಿನ ಕಂಬವೊಂದರ ಮೇಲೆ ದಾರಿಹೋಕನ ಬೊಗಸೆಗೆ ನೀರೆರೆಯುವ ಹೆಣ್ಣಿನ ಶಿಲ್ಪವಿತ್ತು. ಅದರ ಕೈ ಮುರಿದಿತ್ತು. ಶಿಲ್ಪಿ ಮುದುಕಿಯ ಕೈಯನ್ನೇ ನೋಡಿ ನೋಡಿ ಹೊಸ ಕೈ ಕಡೆದ. ಮಣಿಕಟ್ಟಿನ ಬಾಗು ಕೂಡ ಹಾಗೆಯೇ ಬಂತು. ಅದನ್ನು ಕಂಡು ಮುದುಕಿ ನಾಚಿ ಸೆರಗಿನಲ್ಲಿ ಕೈ ಮುಚ್ಚಿಕೊಂಡಳು.

ಕೆಲಸ ಮುಗಿಯಿತು. ಇನ್ನು ದೂರದೂರದಿಂದ ಜನ ನೋಡಲು ಬರುತ್ತಾರೆ, ನೆಲ ಒದ್ದೆಯಾಗಬಾರದು, ಮುದುಕಿ ಇಲ್ಲಿ ಕೂರುವುದು ಬೇಡ ಎಂದ ಗೌಡ. ಶಿಲ್ಪಿಗೂ ಅದು ಸರಿಯೆನಿಸಿತು. ತಾನೇ ಕೊಡ ಹೊತ್ತು ಮುದುಕಿಯನ್ನು ಅವಳ ಗುಡಿಸಲಿಗೆ ಬಿಟ್ಟುಬಂದ. ದಾರಿಯುದ್ದಕ್ಕೂ ಅವಳು ಮುಖ ತಿರುಗಿಸಿಕೊಂಡೇ ನಡೆದಳು.

ಜನ ಬಂದರು. ಕಲ್ಲಿನ ಕೈಯನ್ನು ಕಣ್ತುಂಬ ನೋಡಿ ಶಿಲ್ಪಿಯನ್ನು ಕೊಂಡಾಡಿದರು. ಅವರ ನಡುವಿನಿಂದ ಒಂದು ಪುಟ್ಟ ಮಗು ಮುಂದೆ ಬಂದು, ಆ ಕೈಯ ಕೆಳಗೆ ಬೊಗಸೆಯೊಡ್ಡಿ ನಿಂತಿತು. ನೀರು ಬರಲಿಲ್ಲ. ಮಗು ಬಾಯಾರಿ ಅಳತೊಡಗಿತು. ಶಿಲ್ಪಿ ಮುದುಕಿಯ ಗುಡಿಸಲಿಗೆ ಓಡಿದ.

“ಅವ್ವಾ, ಕೊಡ ತಗೊಂಡು ಬಾ. ಕೂಸು ನೀರಿಗೆ ಅಳಾಕತ್ತೈತಿ.”

“ನಿನ್ನ ಕಲ್ಲಿನಾಕಿ ಅದಾಳಲ್ಲೋ ತಮ್ಮಾ, ಆಕೀನ್ನ ಕೇಳು,” ಎಂದಳು ಮುದುಕಿ. ಸಿಟ್ಟಿನ್ನೂ ಇಳಿದಿರಲಿಲ್ಲ. ಆದರೆ ಮಾತು ಮುಗಿಯುವ ಮೊದಲೇ ಕೊಡ ಅವಳ ಸೊಂಟ ಸೇರಿತ್ತು. ಬೆಲ್ಲದ ಚೂರನ್ನು ಸೆರಗಿಗೆ ಗಂಟುಹಾಕಿಕೊಳ್ಳುತ್ತ ಅವಳು ಅವನಿಗಿಂತ ಮುಂದಾಗಿ ನಡೆದಳು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. “ಅವಳು ಮತ್ತೆ ಅಲ್ಲಿ ಕೂರಲು ಗೌಡ ಒಪ್ಪಿದನೇ?” ಎಂದು ಶಿಷ್ಯ ಕೇಳಿದ.

ಗುರುಗಳು ಅವನ ಹೆಗಲ ಮೇಲೆ ಕೈಯಿಟ್ಟರು.

“ಅದಿರಲಿ ಕಂದ, ನಮ್ಮ ಅಜ್ಜ ಇವತ್ತು ಎಲ್ಲಿ ಕೂತು ಹೂ ಕಟ್ಟುತ್ತಿದ್ದಾನೆ?”