ಒಂದು ಮಾತ್ರೆ, ಎರಡು ದಾರಿ

ಹೊಳೆದಂಡೆಯ ಹೆಂಗಸರ ಆಸ್ಪತ್ರೆಯಲ್ಲಿ ನೀಲಾಂಬಿಕಾ ಹಿರಿಯ ವೈದ್ಯೆ. ವೈಜಯಂತಿ ಅವರ ಕೈಕೆಳಗೆ ಕಲಿಯುತ್ತಿದ್ದಳು.

ಮೊದಲ ತಿಂಗಳುಗಳಲ್ಲೇ ಬಸಿರು ಬೇಡವೆಂದು ಬಂದವರಿಗೆ, ಅದನ್ನು ತೆಗೆಯುವ ಮೂರು ಗಂಟೆ ಮೊದಲು ಮಾತ್ರೆ ಕೊಡುತ್ತಾರೆ. ಗರ್ಭಕೋಶದ ಬಾಯಿ ಮೆತ್ತಗಾಗಲೆಂದು. ಅದನ್ನು ನಾಲಿಗೆಯಡಿ ಇಡಬಹುದು, ಇಲ್ಲವೆ ಯೋನಿಯೊಳಗೆ ಇಡಬಹುದು. ಯಾವುದು ಮೇಲು ಎಂಬುದೇ ವೈಜಯಂತಿಯ ಅಧ್ಯಯನ.

ಯಾರಿಗೆ ಯಾವ ದಾರಿ ಎಂಬುದನ್ನು ಮುಚ್ಚಿದ ಲಕೋಟೆ ಹೇಳುತ್ತಿತ್ತು. ಅರವತ್ತು ಹೆಂಗಸರು, ಅರವತ್ತು ಲಕೋಟೆ.

ಎಲ್ಲ ಮುಗಿದ ದಿನ ಅವಳು ಗುರುವಿನ ಮುಂದೆ ಹಾಳೆ ಇಟ್ಟಳು. ಎರಡೂ ದಾರಿಯ ಗುಣ ಒಂದೇ ಎಂದಳು. ನಾಲಿಗೆಯಡಿ ಇಟ್ಟುಕೊಂಡವರಿಗೆ ನಡುಕ, ವಾಕರಿಕೆ ತುಸು ಹೆಚ್ಚು, ಅಷ್ಟೇ.

ನೀಲಾಂಬಿಕಾ ಹಾಳೆಯ ತುದಿಗೆ ಬೆರಳಿಟ್ಟರು. ಅಲ್ಲಿ ‘ಬಿಟ್ಟುಹೋದವರು: ಒಬ್ಬರು’ ಎಂದಿತ್ತು.

"ಇವಳು ಯಾರು?"

ಫಕೀರವ್ವ ಎಂದು ಹೆಸರು, ಹತ್ತು ದಿನದ ಹಿಂದೆ ಬಂದಿದ್ದಳು ಎಂದಳು ವೈಜಯಂತಿ. ಇಪ್ಪತ್ತಾರು ವರ್ಷ, ಎರಡು ಮಕ್ಕಳು. ಲಕೋಟೆಯಲ್ಲಿ ಯೋನಿಯ ದಾರಿ ಬಂದಿತ್ತು. ಬೇಡ, ಬಾಯಲ್ಲೇ ಕೊಡಿ ಎಂದು ಕೇಳಿಕೊಂಡಳು. ಬದಲಾಯಿಸಲು ಬರುವುದಿಲ್ಲ ಎಂದದ್ದಕ್ಕೆ, ಹೊರಗೆ ಕೂತಿರುತ್ತೇನೆಂದು ಹೋದವಳು ತಿರುಗಿ ಬರಲಿಲ್ಲ.

"ಯಾಕೆ ಬೇಡವೆಂದಳು?"

"ಕೇಳಲಿಲ್ಲ ಮೇಡಂ. ಇನ್ನೂ ಏಳು ಜನ ಕಾಯುತ್ತಿದ್ದರು."

ಅಧ್ಯಯನದಿಂದ ಬಿಡಿಸಿ, ಅವಳು ಕೇಳಿದ ಹಾಗೆ ಕೊಡಬಹುದಿತ್ತು ಎಂದರು ನೀಲಾಂಬಿಕಾ.

"ಅರವತ್ತಕ್ಕೆ ಒಬ್ಬರು ಕಡಿಮೆಯಾಗುತ್ತಿದ್ದರು."

ನೀಲಾಂಬಿಕಾ ಎದ್ದು ನಡೆದರು. ಶಿಷ್ಯೆ ಹಿಂದೆ ಹೋದಳು.

ಪಕ್ಕದ ವಾರ್ಡಿನ ಕಿಟಕಿಯ ಬಳಿ ಫಕೀರವ್ವ ಮಲಗಿದ್ದಳು. ಊರಿಗೆ ಹೋದವಳು ಯಾರೋ ಕೊಟ್ಟ ಗುಳಿಗೆ ನುಂಗಿದ್ದಳು. ಬಸಿರು ಅರ್ಧ ಹೋಗಿ, ಅರ್ಧ ಒಳಗೇ ಉಳಿದು ನಂಜಾಗಿತ್ತು. ಜ್ವರದಲ್ಲಿ ಹೊತ್ತು ತಂದಿದ್ದರು. ಮೂರು ದಿನದ ಹಿಂದೆ ಬೇರೆ ವೈದ್ಯರು ಅವಳ ಗರ್ಭಕೋಶವನ್ನೇ ತೆಗೆದು ಜೀವ ಉಳಿಸಿದ್ದರು.

ನೀಲಾಂಬಿಕಾ ಸ್ಟೂಲು ಎಳೆದು ಮಂಚದ ಪಕ್ಕ ಹಾಕಿದರು.

"ಈಗ ಕೇಳು."

ವೈಜಯಂತಿ ಕೂತಳು. ಆವತ್ತು ಯಾಕೆ ಬೇಡವೆಂದಿರಿ ಎಂದು ಕೇಳಿದಳು.

ಫಕೀರವ್ವ ಗೋಡೆಯ ಕಡೆ ಮುಖ ತಿರುಗಿಸಿದಳು. ಗಂಡ ಹೊಡೆಯುವವನಲ್ಲ, ಆದರೆ ಬೇಡವೆಂದರೆ ಬಿಡುವವನೂ ಅಲ್ಲ ಎಂದಳು. ಈ ಬಸಿರೂ ಹಾಗೇ ನಿಂತದ್ದು.

"ಅಲ್ಲಿ ಕೈ ಬಂತಂದ್ರ ಮೈಯೆಲ್ಲಾ ಸೆಟದ ಹೋಗತೈತ್ರಿ ಅಕ್ಕಾರ. ತೆಗಿಯೋ ಮುಂದ ಮಂಪರು ಬರಸ್ತೀವಿ ಅಂದಿದ್ರಿ, ಅದಕ್ಕ ಒಪ್ಪಿದ್ದೆ. ಗುಳಿಗಿ ಎಚ್ಚರ ಇದ್ದಾಗ ಇಡತೀವಿ ಅಂದ್ರಿ."

"ನನಗೆ ಹೇಳಬಹುದಿತ್ತಲ್ಲ."

"ಬ್ಯಾಡ ಅಂದೆನಲ್ರೀ."

ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ. ನೀರು ಕೇಳಿದಳು. ವೈಜಯಂತಿ ಕುಡಿಸಿದಳು.

ಇಬ್ಬರೂ ಹೊರಗೆ ಬಂದು ಹೊಳೆಯ ಕಡೆಯ ಪಡಸಾಲೆಯಲ್ಲಿ ನಿಂತರು. ಮುಂದಿನ ಅಧ್ಯಯನದಲ್ಲಿ ಅವರವರ ಇಷ್ಟವನ್ನು ಮೊದಲು ಕೇಳುತ್ತೇನೆ ಎಂದಳು ವೈಜಯಂತಿ. ನೀಲಾಂಬಿಕಾ ತಲೆಯಾಡಿಸಲಿಲ್ಲ. ಈ ಅಧ್ಯಯನಕ್ಕೆ ಒಪ್ಪಿಗೆಯ ರುಜು ಹಾಕಿದವಳು ನಾನು, ಮೂವತ್ತು ವರ್ಷದಲ್ಲಿ ನಾನೂ ಎಷ್ಟು ಜನರನ್ನು ಕೇಳಿದ್ದೇನೆಂದು ನೆನಪಿಲ್ಲ ಎಂದರು.

ಶಿಷ್ಯೆ ಕಣ್ಣೊರೆಸಿಕೊಂಡಳು.

"ಒಳಗೆ ಹೋಗಿ ಕ್ಷಮೆ ಕೇಳಲಾ ಮೇಡಂ?"

"ಕೇಳು. ಅವಳು ಬೇಡ ಎಂದರೆ, ಈ ಸಲ ಒಂದೇ ಮಾತಿಗೆ ಎದ್ದು ಬಾ."