ಹಾಳ್ಪೇಟೆ ಸಾವ್ಕಾರರ ಪಾಠ

ಕಾಲು ಒಳಗೆ ಎಳ್ಕೊ, ಕಂಬಳಿ ಪೂರ್ತಿ ನಿನ್ನ ಕಡೆಗೇ ಕಿತ್ಕೋಬೇಡ. ಹೂಂಗುಟ್ಟೋದು ನಿಲ್ಸಿದ್ರೆ ನಾನೂ ನಿಲ್ಲಿಸ್ತೀನಿ, ಆಮೇಲೆ ಅಜ್ಜಿ ಅರ್ಧಕ್ಕೇ ಬಿಟ್ಲು ಅಂತ ನಿಮ್ಮವ್ವನ ಹತ್ರ ಚಾಡಿ ಹೇಳೋ ಹಾಗಿಲ್ಲ. ಹೂಂ. ಒಂದಾನೊಂದು ಕಾಲದಲ್ಲಿ, ನನಗೆ ಈ ಕತೆ ಹೇಳಿದ ನಮ್ಮಜ್ಜಿಗೂ ಗೊತ್ತಿಲ್ಲದಷ್ಟು ಹಿಂದೆ, ಒಂದೂರಲ್ಲಿ ದೊಡ್ಡತಮ್ಮ ಅಂತ ಒಬ್ಬ ದನದ ದಲ್ಲಾಳಿ ಇದ್ನಂತೆ. ಅವನಿಗೆ ಮೂರು ಮಕ್ಕಳಂತೆ. ದೊಡ್ಡೋನು ಕೆಂಚ, ನಡುವಿನೋನು ಜವರ, ಕೊನೇದು ಹೆಣ್ಣು, ದ್ಯಾವೀರಿ ಅಂತ. ಜವರನಿಗೆ ಹದಿಮೂರು ತುಂಬೋ ಹೊತ್ತಿಗೆ ಅವ್ರವ್ವ ತೀರ್ಕೊಂಡಿದ್ಲಂತೆ. ಆಮೇಲೆ ಎಲ್ಲರನ್ನೂ ಅಪ್ಪನೇ ಸಾಕಿದ್ನಂತೆ.

ದನದ ಸಂತೇಲಿ ಬೆಲೇನ ಬಾಯಲ್ಲಿ ಹೇಳೋ ಹಾಗಿಲ್ಲ, ಗೊತ್ತೇನೇ ನಿನಗೆ? ಕೊಳ್ಳೋನು ಮಾರೋನು ಇಬ್ರೂ ಕೈ ಹಿಡ್ಕೊಂಡು, ಮೇಲೆ ಹೆಗಲ ವಲ್ಲಿ ಹಾಸಿ, ಕೆಳಗೆ ಬೆರಳು ಅದುಮಿ ಬೆಲೆ ಹೇಳ್ತಾರೆ. ಒಂದು ಬೆರಳು ಅಂದ್ರೆ ಹತ್ತು, ಎರಡು ಅಂದ್ರೆ ಇಪ್ಪತ್ತು. ಕೈ ಎಳ್ಕೊಂಡ್ರೆ ಒಪ್ಪಲಿಲ್ಲ ಅಂತ, ಎಳ್ಕೊಳ್ಳದಿದ್ರೆ ವ್ಯಾಪಾರ ಮುಗೀತು ಅಂತ. ಹತ್ತು ಏನು, ಇಪ್ಪತ್ತು ಏನು ಅಂತ ಬಾಯಿಬಿಟ್ಟು ಕೇಳಿದೋನು ಕಸುಬು ಬರದ ಗುಗ್ಗು, ಸಂತೆಗೆ ಸಂತೆಯೇ ನಗುತ್ತೆ. ದೊಡ್ಡತಮ್ಮ ಗಂಡುಮಕ್ಕಳಿಗೆ ಇದನ್ನ ಚೆನ್ನಾಗಿ ಕಲಿಸಿದ್ನಂತೆ. ದ್ಯಾವೀರಿಗೆ ಕಲಿಸಲಿಲ್ಲ. ಹೆಣ್ಣುಮಕ್ಕಳು ವಲ್ಲಿ ಕೆಳಗೆ ಕೈ ಹಾಕೋ ಪದ್ಧತಿ ಎಲ್ಲಿತ್ತು ಆಗ?

ಆಮೇಲೆ ಅಪ್ಪ ಸತ್ತ. ಅಣ್ಣತಮ್ಮ ಇಬ್ರೂ ಕೂತು, ಜೀವಮಾನವೆಲ್ಲ ಅಪ್ಪ ಬೇರೆಯೋರ ದನ ಬೇರೆಯೋರಿಗೆ ಮಾರ್ಸಿ ಎಲೆಅಡಿಕೆ ಕಾಸು ತಂದ, ನಾವು ಸ್ವಂತ ವ್ಯಾಪಾರ ಮಾಡಿ ಸಾವ್ಕಾರರಾಗಬೇಕು ಅಂದ್ರಂತೆ. ಮನೆ ಎತ್ತಿನ ಜೋಡಿ ಮಾರಿ ಹುಣಸೇಹಣ್ಣು ಕೊಂಡ್ರು, ಹುಳ ಬಿತ್ತು. ಮಿಕ್ಕಿದ್ದಕ್ಕೆ ಮಡಕೆ ಕೊಂಡ್ರು, ಗಾಡಿ ಮಗುಚ್ತು. ಕೈ ಸುಟ್ಕೊಂಡ ಮೇಲೆ ಕೆಂಚ ಅಂದ್ನಂತೆ, ಸುಮ್ಸುಮ್ನೆ ಬಿದ್ದು ಒದ್ದಾಡೋದಲ್ಲ ಕಣೋ, ಗೆದ್ದೋರ ಹತ್ರ ಕೂತು ಕಲೀಬೇಕು.

ಗೆದ್ದೋರು ಎಲ್ಲಿದ್ರು? ಹಾಳ್ಪೇಟೇಲಿ. ಆ ಊರಿನಿಂದ ಮೂರು ಹರದಾರಿ ಆಚೆ ಒಂದು ಪೇಟೆ ಇತ್ತಂತೆ, ಯಾವ ಕಾಲದ್ದೋ, ಗೋಡೆ ಬಿದ್ದು ಎಕ್ಕದ ಗಿಡ ಬೆಳೆದಿತ್ತು. ಬೆಳಗ್ಗೆ ಹೋದ್ರೆ ಬರೀ ಓತಿಕ್ಯಾತ. ಸಂಜೆ ಹೋದ್ರೂ ಅಷ್ಟೇ. ಆದ್ರೆ ಮಟಮಟ ಮಧ್ಯಾಹ್ನ, ನೆತ್ತಿ ಮೇಲೆ ಹೊತ್ತು ಬಂದು ನೆರಳು ಕಾಲಡಿಗೆ ಸೇರ್ಕೊಳ್ಳುತ್ತಲ್ಲ, ಆ ಒಂದು ಗಳಿಗೆ ಅಂಗಡಿ ತೆರೀತಿದ್ವಂತೆ, ಹಳೇ ಕಾಲದ ಸಾವ್ಕಾರರು ಬಂದು ಗಾದಿ ಮೇಲೆ ಕೂರ್ತಿದ್ರಂತೆ. ತಾವು ಹೆಂಗೆ ಗೆದ್ವಿ ಅಂತ ಕೇಳಿದೋರಿಗೆ ಹೇಳ್ತಿದ್ರಂತೆ. ಪುಕ್ಕಟೆ ಅಲ್ಲ, ಬೆಲೆ ವಲ್ಲಿ ಕೆಳಗೆ. ಯಾಕೆ ಹತ್ರ ಸರೀತೀಯ? ಇನ್ನೂ ಏನೂ ಆಗಿಲ್ಲ.

ಕೆಂಚ ಹೋದ್ನಂತೆ. ಮೊದಲನೇ ಅಂಗಡಿ ಮೆಣಸಿನ ಸಾವ್ಕಾರಂದು. ಮೆಣಸು ರಾಶಿ ಬಿದ್ದಿದ್ರೂ ಕೆಂಚನಿಗೆ ಒಂದು ಸೀನೂ ಬರಲಿಲ್ಲ. ಪಕ್ಕದಲ್ಲಿ ಬೆಲ್ಲದ ಅಚ್ಚು ಅಡಕಿಟ್ಟಿತ್ತು, ಅದರ ಮೇಲೆ ಒಂದು ನೊಣ ಇಲ್ಲ. ಸಾವ್ಕಾರ ನೂರು ವರ್ಷದ ಮುದುಕ, ಮಾತಾಡ್ದೆ ವಲ್ಲಿ ಹಾಸಿದ್ನಂತೆ. ಕೆಳಗೆ ಕೈ ಕೊಟ್ರೆ ಬಾವಿ ಕಲ್ಲು ಮುಟ್ಟಿದ ಹಾಗೆ ತಣ್ಣಗಿತ್ತಂತೆ. ನಾಲ್ಕು ಬೆರಳು ಅದುಮಿದ. ನಲವತ್ತು. ನಲವತ್ತು ವರಹ ತಾನೇ, ಗೆದ್ದ ಮೇಲೆ ತಂದುಕೊಟ್ಟರಾಯ್ತು ಅಂತ ಕೆಂಚ ಕೈ ಎಳ್ಕೊಳ್ಳಲಿಲ್ಲ. ಆಗ ಸಾವ್ಕಾರ, ಎಲ್ರೂ ಹೆದರಿ ಮಾರುವಾಗ ನೀನು ಕೊಳ್ಳು, ಎಲ್ರೂ ಮುಗಿಬಿದ್ದು ಕೊಳ್ಳುವಾಗ ನೀನು ಮಾರು, ಅಂದ್ನಂತೆ. ಅಷ್ಟೇ, ಹೊತ್ತು ಒಂದು ಎಳೆ ಸರೀತು, ಅಂಗಡಿ ಇಲ್ಲ, ಎಕ್ಕದ ಗಿಡ.

ಮನೆಗೆ ಬಂದ. ಬಾಗಿಲಲ್ಲಿ ನಿಂತೋನ್ನ ನೋಡಿ ದ್ಯಾವೀರಿ, ಯಾರು ತಾತ, ನೀರು ಬೇಕಾ ಅಂದ್ಲಂತೆ. ಬೆಳಗ್ಗೆ ಇಪ್ಪತ್ತಾರು ವರ್ಷದ ಕಟ್ಟುಮಸ್ತಾದ ಆಳು ಹೋಗಿದ್ದ, ಸಂಜೆ ತಲೆ ಬೆಳ್ಳಗಾಗಿ ಬೆನ್ನು ಬಾಗಿ ಬಂದಿದ್ದ. ಅಯ್ಯೋ ಶಿವನೇ ಅಂತ ಅವಳು ಕಿರುಚಿಕೊಂಡ್ರೆ ಅವನಿಗೆ ಮಾತ್ರ ಏನೂ ತಿಳೀಲಿಲ್ಲ. ಕನ್ನಡಿ ಹಿಡಿದ್ರೆ, ಹಾದಿ ಧೂಳು ಕಣೇ ಅಂತ ಒರೆಸ್ಕೊಂಡ್ನಂತೆ. ಅಲ್ಲಿ ನಡೆದಿದ್ದೆಲ್ಲ ಅವನು ಹೇಳಿದ ಮೇಲೆ, ನಾಲ್ಕು ಬೆರಳಂದ್ರೆ ನಲವತ್ತು ಏನಣ್ಣ, ಕೇಳಿದ್ಯಾ, ಅಂತ ಅವಳು ಕೇಳಿದ್ರೆ, ಥೂ, ದಲ್ಲಾಳಿ ಮಗಳಾಗಿ ಇಂಥ ಮಾತಾಡ್ತೀಯ, ಹಂಗೆಲ್ಲ ಕೇಳಿದ್ರೆ ಮಾನ ಉಳಿಯುತ್ತಾ, ಅಂತ ರೇಗಿದ್ನಂತೆ.

ಪಾಠ ಏನೋ ಫಲ ಕೊಡ್ತು. ಆ ವರ್ಷ ಬೆಲ್ಲದ ಬೆಲೆ ಬಿದ್ದು ಎಲ್ರೂ ಬಂದಷ್ಟಕ್ಕೆ ಮಾರಿದ್ರು, ಕೆಂಚ ಸಾಲಸೋಲ ಮಾಡಿ ಕೊಂಡ. ಮೂರು ತಿಂಗಳಿಗೆ ಬೆಲೆ ಏರಿ ಮನೇಲಿ ಚಿನ್ನದ ಗಂಟು ಬಿತ್ತಂತೆ. ಆದ್ರೆ ಎದ್ದು ಅದನ್ನ ಎತ್ತಿಡೋಕೆ ಅವನಿಗೆ ಶಕ್ತಿ ಇಲ್ಲ. ಅಡಿಕೆ ಅಗಿಯೋಕೆ ಹಲ್ಲಿಲ್ಲ. ಮಂಚ ಹಿಡ್ಕೊಂಡ. ಪಂಡಿತ ಬಂದು ನಾಡಿ ಹಿಡಿದು, ರಾಗಿ ಕೊಯ್ಲಿನವರೆಗೆ ಇದ್ರೆ ಹೆಚ್ಚು ಅಂದ್ಬಿಟ್ನಂತೆ.

ಜವರ ಅದನ್ನೆಲ್ಲ ನೋಡಿದ್ನಾ? ಗಂಟು ನೋಡಿದ. ಅಣ್ಣಂಗೆ ಬಿಸಿಲು ಬಡಿದದೆ ಅಷ್ಟೇ, ನಾನು ತಲೆಗೆ ಬಟ್ಟೆ ಕಟ್ಕೊಂಡು ಹೋಗ್ತೀನಿ ಅಂದ್ನಂತೆ! ಬುದ್ಧಿ ನೋಡು. ಹೆಂಡ್ತಿ ಎಳೇ ಕೂಸು ಎತ್ಕೊಂಡು ಹಾದಿಗೆ ಅಡ್ಡ ನಿಂತ್ರೂ ಕೇಳಲಿಲ್ಲ. ಅವನು ಕೂತಿದ್ದು ಎರಡನೇ ಅಂಗಡಿ, ಸೀರೆ ಸಾವ್ಕಾರಂದು. ವಲ್ಲಿ ಹಾಸಿದ, ಎರಡು ಬೆರಳು ಅದುಮಿದ. ಅಣ್ಣಂಗೆ ನಾಲ್ಕು, ನಂಗೆ ಎರಡೇ, ಅಗ್ಗವಾಯ್ತು ಅಂತ ಇವನು ಹಿಗ್ಗಿದ. ಇರೋ ಮಾಲೆಲ್ಲ ಒಂದೇ ಗಾಡಿಗೆ ಹೇರಬ್ಯಾಡ, ಅಂತ ಸಾವ್ಕಾರ ಪಾಠ ಹೇಳಿದ್ನಂತೆ.

ಜವರ ವಾಪಸ್ ಬಂದಾಗ ಮುದುಕ ಆಗಿರಲಿಲ್ಲ, ಹೋದ ಹಾಗೇ ಇದ್ದ. ಸದ್ಯ ಅಂತ ಹೆಂಡ್ತಿ ಓಡಿ ಬಂದ್ರೆ, ನೀನ್ಯಾರು, ನಮ್ಮವ್ವ ಎಲ್ಲಿ, ಅಂತ ಅತ್ನಂತೆ. ಇವನಿಂದ ಕಿತ್ಕೊಂಡಿದ್ದು ಮುಂದೆ ಬರೋ ವರ್ಷಗಳನ್ನಲ್ಲ, ಕಳೆದುಹೋದ ವರ್ಷಗಳನ್ನ. ಇಪ್ಪತ್ನಾಲ್ಕು ವರ್ಷದ ಗಂಡಸು, ಒಳಗೆ ನಾಲ್ಕು ವರ್ಷದ ಮಗು. ಮೀಸೆ ಹೊತ್ಕೊಂಡು ಜಗಲಿ ಕೆಳಗೆ ಮಣ್ಣಾಡ್ತಾ ಕೂತ್ನಂತೆ, ಮಣ್ಣಾಡ್ತಾ ಬಾಯಲ್ಲಿ ಒಂದೇ ಮಾತು, ಇರೋ ಮಾಲೆಲ್ಲ ಒಂದೇ ಗಾಡಿಗೆ ಹೇರಬ್ಯಾಡ, ಇರೋ ಮಾಲೆಲ್ಲ ಒಂದೇ ಗಾಡಿಗೆ ಹೇರಬ್ಯಾಡ. ನಾಲ್ಕು ದಿನ ಹಿಂಗೇ. ಕೇಳಿದೋರ ಮೈ ಜುಮ್ ಅನ್ನೋದಂತೆ.

ರಾಗಿ ತೆನೆ ಆಗ್ಲೇ ಕೆಂಪಾಗ್ತಿತ್ತು. ಮಂಚದ ಮೇಲೆ ಒಬ್ಬ ಸಾಯ್ತಾ ಇದ್ದ, ಮಣ್ಣಲ್ಲಿ ಒಬ್ಬ ಅವ್ವಾ ಅಂತ ಅಳ್ತಾ ಇದ್ದ. ದ್ಯಾವೀರಿ ಒಂದು ದಿನ ಸೆರಗು ಬಿಗಿದು ಹೊರಟೇಬಿಟ್ಲಂತೆ. ಹೆದರಿಕೆ ಆಗಲಿಲ್ವಾ ಅಂತೀಯಾ? ಆಗದೆ ಇರುತ್ತಾ! ಹಾದಿಯುದ್ದಕ್ಕೂ ಅಳ್ಕೊಂಡೇ ಹೋದ್ಲು. ಹೋದ್ಲು ಅನ್ನೋದು ಮುಖ್ಯ.

ಹೊತ್ತು ನೆತ್ತಿಗೆ ಬಂತು. ಎಕ್ಕದ ಗಿಡ ಇದ್ದ ಕಡೆ ಅಂಗಡಿಗಳು, ಜನ ಓಡಾಡ್ತಾರೆ, ಒಂದು ಹೆಜ್ಜೆ ಸಪ್ಪಳ ಇಲ್ಲ. ಮೆಣಸಿನಂಗಡೀಲಿ ನೋಡ್ತಾಳೆ, ಮುದುಕ ಇಲ್ಲ. ಕಪ್ಪು ಮೀಸೆ ತಿರುವಿಕೊಂಡು ಕಟ್ಟುಮಸ್ತಾದ ಆಳು ಕೂತು ಕಟಕಟ ಅಡಿಕೆ ಕಡೀತಿದ್ದಾನೆ. ಅವಳಿಗೆ ನಿಂತಲ್ಲೇ ಗೊತ್ತಾಗೋಯ್ತು ಆ ಹಲ್ಲು ಯಾರದು ಅಂತ. ಸೀರೆ ಅಂಗಡೀಲಿ ಆ ಸಾವ್ಕಾರ ಬಂದೋರಿಗೆಲ್ಲ ಹೇಳ್ತಿದ್ದಾನೆ, ನಮ್ಮವ್ವ ಅಂಬಲಿಗೆ ಈರುಳ್ಳಿ ಜಜ್ಜಿ ಹಾಕ್ತಿದ್ಲು, ಜ್ವರ ಬಂದ್ರೆ ಸೆರಗು ಒದ್ದೆ ಮಾಡಿ ಹಣೆಗೆ ಇಡ್ತಿದ್ಲು, ಅಂತ. ಅದು ಇವಳ ಅವ್ವ! ಅಷ್ಟರಲ್ಲಿ ಅವನು ತಿರುಗಿ ನೋಡಿ, ಥೇಟು ಅವ್ವನ ದನೀಲೇ, ಗುಬ್ಬೀ, ಉಂಡ್ಯೇನೇ, ಅಂದ್ನಂತೆ. ಗುಬ್ಬಿ ಅಂತ ಅವಳನ್ನ ಕರೀತಿದ್ದೋಳು ಲೋಕದಲ್ಲಿ ಒಬ್ಬಳೇ. ವಲ್ಲಿ ಅವಳ ಮುಂದೆ ಹಾಸಿತ್ತು. ಕೈ ತನ್ನಷ್ಟಕ್ಕೆ ತಾನೇ ಮೇಲೇಳ್ತು. ದ್ಯಾವೀರಿ ಎರಡು ಕೈಯ್ಯನ್ನೂ ಕಂಕುಳಲ್ಲಿ ಅದುಮಿ ಹಿಡ್ಕೊಂಡು ಅಲ್ಲಿಂದ ಓಡಿದ್ಲಂತೆ.

ಕೊನೇಲಿ ಒಂದು ಮುರುಕು ಜಗಲಿ. ಅಲ್ಲಿ ಒಬ್ಬ ತಾತ ತಲೆ ಎತ್ತದೆ ಓಲೆಗರಿ ಮೇಲೆ ಕೊರೀತಾ ಕೂತಿದ್ದ. ಅವನ ಹತ್ರ ಒಬ್ಬ ಗಿರಾಕಿ ಇಲ್ಲ. ದ್ಯಾವೀರಿ ದಬಕ್ಕಂತ ಕೂತು, ಇಡೀ ಪೇಟೆಗೆ ಕೇಳೋ ಹಾಗೆ, ತಾತ, ಇಲ್ಲಿ ನಾಲ್ಕು ಬೆರಳಂದ್ರೆ ನಲವತ್ತು ಏನು, ಅಂತ ಕೇಳಿದ್ಲಂತೆ.

ಪೇಟೆಗೆ ಪೇಟೆಯೇ ನಿಂತುಬಿಡ್ತು. ತಾತನ ಕಂಠ ನಿಂತಿತು, ಕಂಠ ಅಂದ್ರೆ ಓಲೆ ಕೊರೆಯೋ ಕಬ್ಬಿಣದ ಕಡ್ಡಿ. ವರ್ಷ ಕಣಮ್ಮ, ಅಂದ್ನಂತೆ. ಆಮೇಲೆ ಅಂದ, ಮುನ್ನೂರು ವರ್ಷದಲ್ಲಿ ಈ ಮಾತು ಕೇಳಿದೋಳು ನೀನೇ ಮೊದಲು, ಬಂದೋರೆಲ್ಲ ಕಸುಬು ಬಲ್ಲೋರು, ಕೇಳೋಕೆ ನಾಚಿಕೆ. ಇಲ್ಲಿ ಒಂದೇ ಕಟ್ಟಳೆ, ಕೇಳಿದ್ದಕ್ಕೆ ಸುಳ್ಳು ಹೇಳೋ ಹಾಗಿಲ್ಲ, ಕೇಳದೇ ಇದ್ದದ್ದನ್ನ ಹೇಳಬೇಕಾಗೂ ಇಲ್ಲ.

ನೀವೇನು ಬರೀತಿದ್ದೀರಿ ಅಂತ ಕೇಳಿದ್ಲು. ತಾತನ ಕಣ್ಣಲ್ಲಿ ನೀರು ಬಂತಂತೆ. ಇವರೆಲ್ಲ ಹೆಂಗೆ ಗೆದ್ರು ಅಂತ ನಾನು ಬದುಕಿದ್ದಾಗ ಒಂದು ಪುಸ್ತಕ ಬರೆದೆ ತಾಯಿ. ಇವರು ಗೆದ್ದಿದ್ದು ಹೇಳಿದ್ರು, ಗೆದ್ದಿದ್ದೇ ಬರೆದೆ. ಸೋತಿದ್ದು ಇವರು ಹೇಳಲಿಲ್ಲ, ನಾನೂ ಕೆದಕಲಿಲ್ಲ, ಉಂಬಳಿ ಕೊಡ್ತಿದ್ರಲ್ಲ. ಓದಿದೋರು ಓದಿದ ಹಾಗೇ ಮಾಡಿ ಮನೆ ಕಳ್ಕೊಂಡ್ರು. ಆ ಪಾಪಕ್ಕೆ ಇಲ್ಲಿ ಕೂತಿದ್ದೀನಿ. ಮಿಕ್ಕರ್ಧ ಬರೆಯೋವರೆಗೂ ಬಿಡುಗಡೆ ಇಲ್ಲ, ಕೇಳೋಕೆ ನನಗೆ ಬಾಯಿಲ್ಲ, ಸತ್ತೋರನ್ನ ಸತ್ತೋರು ಕೇಳೋ ಹಾಗಿಲ್ಲ.

ದ್ಯಾವೀರಿಗೆ ಎಲ್ಲಿತ್ತೋ ಧೈರ್ಯ! ಬರ್ಕೊಳ್ಳಿ ತಾತ, ಅಂತ ಎದ್ದು ಮೆಣಸಿನ ಸಾವ್ಕಾರನ ಮುಂದೆ ಸೊಂಟಕ್ಕೆ ಕೈ ಇಟ್ಟು ನಿಂತ್ಲು. ಎಲ್ರೂ ಮಾರುವಾಗ ನೀವು ಎಷ್ಟು ಸಲ ಕೊಂಡ್ರಿ, ಎಷ್ಟು ಸಲ ಮುಳುಗಿದ್ರಿ, ಹೇಳಿ, ಅಂದ್ಲು. ಅವನ ಮುಖ ಕಪ್ಪಿಟ್ಟಿತು. ಬಾಯಿ ಮುಚ್ಚಿಕೊಂಡ, ಆದ್ರೆ ಮಾತು ತಾನಾಗೇ ಬಂತು. ಮೂರು ಸಲ ಕೊಂಡೆ. ಎರಡು ಸಲ ಮುಳುಗಿದೆ. ಎಲ್ರೂ ಯಾಕೆ ಮಾರ್ತಿದ್ದಾರೆ ಅಂತ ವಿಚಾರಿಸಲಿಲ್ಲ, ಮಾಲು ಒಳಗೇ ಕೊಳೆತಿತ್ತು. ನಂಬಿ ಗಂಟು ಕೊಟ್ಟ ತಮ್ಮ ಬಾವಿಗೆ ಬಿದ್ದ. ಹಂಗಂತ ಸಾವ್ಕಾರ ಗೊಳೋ ಅಂತ ಅತ್ನಂತೆ. ಆಮೇಲೆ ಸೀರೆ ಸಾವ್ಕಾರನ್ನೂ ಕೇಳಿದ್ಲು. ಹತ್ತು ಗಾಡಿಗೆ ಹೇರಿದೆ, ಹತ್ತರ ಹಿಂದೆ ಹೋಗೋಕೆ ನನಗೆ ಕಾಲಿರಲಿಲ್ಲ, ಬಾಡಿಗೆ ಆಳಿಗೆ ಬಿಟ್ಟೆ, ಒಂಬತ್ತು ಹಾದೀಲೇ ಮಾಯವಾದ್ವು, ಅಂದ್ನಂತೆ. ಜಗಲಿ ಮೇಲೆ ಕಂಠ ಕರಕರ ಅಂತಿತ್ತು.

ಆಗ ದ್ಯಾವೀರಿ ಅಂದ್ಲು, ಸಾವ್ಕಾರ್ರೇ, ಅರ್ಧ ಪಾಠ ಅಳೆದುಕೊಟ್ಟು ಪೂರ್ತಿ ಬೆಲೆ ತಗೊಂಡಿದ್ದೀರಿ. ಇದು ಕಮ್ಮಿ ಅಳತೆ. ಅಳತೆ ಕಮ್ಮಿ ಬಿದ್ರೆ ಬೆಲೆ ವಾಪಸ್ಸು, ನೀವು ಸತ್ತಿದ್ರೂ ಬದುಕಿದ್ರೂ ಸಂತೆ ನ್ಯಾಯ ಅದೇ. ನಾನು ದಲ್ಲಾಳಿ ಮಗಳು, ನನಗೆ ಅಷ್ಟು ಗೊತ್ತು.

ಇಬ್ರೂ ಮುಖ ಮುಖ ನೋಡ್ಕೊಂಡ್ರು. ನ್ಯಾಯ ನ್ಯಾಯವೇ. ಆದ್ರೆ ಸಾವ್ಕಾರರು ಸಾವ್ಕಾರರೇ ಕಣೇ ಮಗಾ. ಅರ್ಧ ಪಾಠ ಕೊಟ್ಟಿದ್ದು ನಿಜ ತಾನೇ, ಅರ್ಧ ಬೆಲೆ ಇಟ್ಕೋತೀವಿ, ಅರ್ಧ ತಗೋ ಅಂದ್ರು. ಅದಕ್ಕೂ ಇಲ್ಲ ಅನ್ನೋಕಾಗಲಿಲ್ಲ. ಕೆಂಚಂದು ಇಪ್ಪತ್ತು ವರ್ಷ ತಿರುಗಿ ಬಂತು. ಜವರಂದು ಹತ್ತು. ಸೀರೆ ಸಾವ್ಕಾರ ಕೇಳಿದ, ಯಾವ ಹತ್ತು ಬೇಕು, ಅವ್ವ ಇದ್ದ ಹತ್ತಾ, ಹೆಂಡ್ತಿ ಮಗು ಬಂದ ಹತ್ತಾ? ಬೇಗ ಹೇಳು, ಹೊತ್ತು ಸರೀತಿದೆ.

ಅಯ್ಯೋ, ಆ ಹೆಣ್ಣು ಏನಂತ ಹೇಳಬೇಕು? ಅವ್ವನ್ನ ಆ ತಣ್ಣನೆ ಕೈಯ್ಯವನ ಹತ್ರ ಬಿಟ್ಟು ಬರೋದು ಹೆಂಗೆ? ಆದ್ರೆ ಮನೇಲಿ ಒಂದು ಎಳೇ ಕೂಸು ಅಪ್ಪನ ಮುಖ ನೋಡ್ತಾ ಕೂತಿತ್ತಲ್ಲ. ಹೆಂಡ್ತಿ ಮಗು ಬಂದ ಹತ್ತು ಕೊಡಿ, ಅಂದ್ಲಂತೆ, ಅಂದು ಎದೆ ಬಡ್ಕೊಂಡು ಅತ್ಲಂತೆ. ಜಗಲಿ ಮೇಲಿನ ತಾತ ಕೊನೇ ಗರಿ ಬರೆದು, ಓಲೆಕಟ್ಟಿಗೆ ದಾರ ಬಿಗಿದು ಅವಳ ಮಡಿಲಿಗೆ ಹಾಕಿ, ಹೋಗ್ತೀನಿ ತಾಯಿ, ಅಂದ. ಹೊತ್ತು ಸರೀತು. ತಾತ ಇಲ್ಲ, ಅಂಗಡಿ ಇಲ್ಲ.

ಮನೆಗೆ ಬಂದ್ರೆ ಕೆಂಚ ಮಂಚದಿಂದ ಇಳಿದು ಕೊಟ್ಟಿಗೇಲಿ ನಿಂತಿದ್ನಂತೆ, ನಲವತ್ತಾರರ ಆಳು, ಅರ್ಧ ನರೆತ ತಲೆ. ರಾಗಿ ಕೊಯ್ಲಿಗೆ ಅವನೇ ಕುಡುಗೋಲು ಹಿಡಿದ. ಜವರ ಜಗಲಿ ಮೇಲೆ ಮಗು ಆಡಿಸ್ತಿದ್ದ, ಹೆಂಡ್ತಿ ಸೆರಗಲ್ಲಿ ಕಣ್ಣು ಒರೆಸ್ಕೋತಿದ್ಲು. ಆಮೇಲೆ ಮೂರು ಜನವೂ ಸೇರಿ ವ್ಯಾಪಾರ ಮಾಡಿದ್ರಂತೆ. ಏನೇ ಕೊಳ್ಳೋಕೂ ಮುಂಚೆ ದ್ಯಾವೀರಿ ಓಲೆ ಬಿಚ್ಚಿ, ಇದರಲ್ಲಿ ಯಾರು ಯಾರು ಹೆಂಗೆ ಮುಳುಗಿದ್ರು ಅಂತ ಮೊದಲು ಓದೋಳಂತೆ. ಸಂತೇಲಿ ನಿಂತು, ಎಷ್ಟು, ಏನು ಲೆಕ್ಕ, ಅಂತ ಬಾಯಿಬಿಟ್ಟೇ ಕೇಳೋಳಂತೆ. ಮೊದಮೊದಲು ಸಂತೆ ನಕ್ಕಿತು, ಆಮೇಲೆ ಬೇರೆಯೋರೂ ಕೇಳೋಕೆ ಶುರು ಮಾಡಿದ್ರು. ಉಂಡುಟ್ಟು ಮಿಗುವಷ್ಟು ಆಯ್ತು. ದ್ಯಾವೀರಿಗೆ ಒಳ್ಳೇ ಗಂಡೂ ಸಿಕ್ಕಿದ, ಪಕ್ಕದ ಬೀದೀಲೇ ಸಂಸಾರ ಹೂಡಿದ್ಲು.

ಅಲ್ಲಿಂದ ದಿನಾ ದೀಪ ಹಚ್ಚೋ ಹೊತ್ತಿಗೆ ತವರಿಗೆ ಬರೋಳಂತೆ. ಜವರ ಮಗೂನ ತೊಡೆ ಮೇಲೆ ಕೂರಿಸ್ಕೊಂಡು ಕಾಯ್ತಿರೋನು. ಈವತ್ತು ಏನು ಹೇಳ್ತೀಯಮ್ಮ, ನಮ್ಮವ್ವ ಹೆಂಗಿದ್ಲು, ಅಂತ ಕೇಳೋನು. ಅವಳು ಒಂದೊಂದು ದಿನ ಒಂದೊಂದು ಹೇಳೋಳು. ಹೇಳಿದ್ದು ಮುಗಿದ ಮೇಲೆ ಅವನು, ನನ್ನನ್ನೂ ಎತ್ಕೋತಿದ್ಲಾ, ಅನ್ನೋನು. ನಿನ್ನನ್ನೇ ಜಾಸ್ತಿ ಎತ್ಕೋತಿದ್ಲು ಕಣಣ್ಣ, ಅನ್ನೋಳಂತೆ.

ಅಷ್ಟೇ ಕತೆ, ನನ್ನ ಬಾಯೂ ಒಣಗಿತು, ಕತೆಯೂ ಮುಗೀತು. ಏ, ಹೂಂ ಅನ್ನೇ. ಮಲಗೇಬಿಟ್ಳಲ್ಲ.